ತೇವ ಮತ್ತು ಸ್ಥಿರೀಕೃತ ಮಣ್ಣಿನ ಬಲ

ಮಣ್ಣಿಗೆ ಸಿಮೆಂಟು, ಸುಣ್ಣ ಅಥವಾ ಬಿಟುಮೆನ್ ಅನ್ನು ಅಲ್ಪ ಪ್ರಮಾಣದಲ್ಲಿ ಬೆರೆಸಿ, ಅಚ್ಚಿನಲ್ಲಿ ಒತ್ತಿಯೋ ಹಲಗೆಗಳ ನಡುವೆ ಗುದ್ದಿಯೋ ಬಿಗಿಗೊಳಿಸಿ, ಸುಡದೆ ಬಳಸುವ ಕಟ್ಟಡ ಸಾಮಗ್ರಿಗೆ ಸ್ಥಿರೀಕೃತ ಮಣ್ಣು ಎಂದು ಹೆಸರು. ಯಂತ್ರದಲ್ಲಿ ಒತ್ತಿದ ಮಣ್ಣಿನ ಬ್ಲಾಕು, ಪದರಪದರವಾಗಿ ಗುದ್ದಿ ಎಬ್ಬಿಸಿದ ಗೋಡೆ, ಸಿಮೆಂಟು ಬೆರೆಸಿದ ಮಣ್ಣಿನ ಗಾರೆ ಅದರ ಮುಖ್ಯ ರೂಪಗಳು. ಎಲ್ಲಕ್ಕೂ ಸಮಾನವಾದ ಒಂದು ಗುಣವಿದೆ: ಒಣಗಿದಾಗಿನ ಬಲ ಒಂದು, ನೆನೆದಾಗಿನ ಬಲ ಇನ್ನೊಂದು. ಚೆನ್ನಾಗಿ ಮಾಡಿದ ಸಿಮೆಂಟು-ಮಣ್ಣಿನ ಬ್ಲಾಕು ಕೂಡ ಪೂರ್ತಿ ನೆನೆದ ಮೇಲೆ ತನ್ನ ಒಣ ಬಲದಲ್ಲಿ ಸುಮಾರು ಅರ್ಧವನ್ನು ಕಳೆದುಕೊಳ್ಳುತ್ತದೆ. ಏನೂ ಬೆರೆಸದ ಮಣ್ಣಿನ ಬ್ಲಾಕನ್ನು ನೀರಿಗಿಟ್ಟರೆ ಕೆಲ ಹೊತ್ತಿನಲ್ಲೇ ಅಂಚು ಉದುರಿ ಕೆಸರಾಗುತ್ತದೆ. ಆದ್ದರಿಂದ ಈ ಸಾಮಗ್ರಿಯನ್ನು ತೂಗಬೇಕಾದ್ದು ಒದ್ದೆ ಬಲದಿಂದ. ಒಣ ಬಲ ಗಾಳಿಯ ಪಸೆಗೆ ತಕ್ಕಂತೆ ಏರಿಳಿಯುತ್ತದೆ. ಮಳೆಗಾಲದಲ್ಲೂ ಗೋಡೆಯ ಬಳಿ ಉಳಿಯುವ ಆಸ್ತಿ ಒದ್ದೆ ಬಲವೊಂದೇ.

ಈ ವಿಷಯದಲ್ಲಿ ನೀರಿಗೆ ಎರಡು ಪಾತ್ರಗಳಿವೆ. ನೀರಿಲ್ಲದೆ ಮಣ್ಣು ಬಿಗಿಯಾಗದು, ಸಿಮೆಂಟು ಕಟ್ಟಿಕೊಳ್ಳದು, ಸುಣ್ಣ ಮಣ್ಣಿನೊಡನೆ ಬೆರೆತು ಗಟ್ಟಿಯಾಗದು. ಅದೇ ನೀರು ಗೋಡೆ ಎದ್ದ ಮೇಲೆ ಒಳಗೆ ಸೇರಿದರೆ ಬಲವನ್ನು ಸಡಿಲಿಸುತ್ತದೆ. ಹೊಲಕ್ಕೂ ಹಿಟ್ಟಿಗೂ ಪಾಕಕ್ಕೂ ನಾವು ಬಳಸುವ ‘ಹದ’ ಎಂಬ ಮಾತು ಮೊದಲನೆಯ ಪಾತ್ರವನ್ನು ಬಹಳ ಚೆನ್ನಾಗಿ ಹಿಡಿಯುತ್ತದೆ. ಮಣ್ಣಿನ ಬ್ಲಾಕು ಮಾಡುವವರ ಬಾಯಲ್ಲೂ ಇರುವುದು ಅದೇ ಮಾತು.

ಹಿನ್ನೆಲೆ

ತೇವಕ್ಕೂ ಬಿಗಿತಕ್ಕೂ ಇರುವ ನಂಟನ್ನು ಲೆಕ್ಕಕ್ಕೆ ತಂದವರು ಮಣ್ಣಿನ ಅಣೆಕಟ್ಟೆಗಳ ಕೆಲಸದಲ್ಲಿದ್ದ ಲಾಸ್ ಏಂಜಲೀಸ್‌ನ ಎಂಜಿನಿಯರ್ ರಾಲ್ಫ್ ಪ್ರಾಕ್ಟರ್. ಒಂದೇ ಮಣ್ಣನ್ನು ಒಂದೇ ಪೆಟ್ಟಿನಿಂದ ಗುದ್ದಿದರೂ ಅದರಲ್ಲಿರುವ ನೀರಿನ ಪ್ರಮಾಣಕ್ಕೆ ತಕ್ಕಂತೆ ಸಾಂದ್ರತೆ ಬದಲಾಗುತ್ತದೆ, ಒಂದು ನಿರ್ದಿಷ್ಟ ತೇವದಲ್ಲಿ ಅದು ತುತ್ತತುದಿಗೆ ಮುಟ್ಟಿ ಮತ್ತೆ ಇಳಿಯುತ್ತದೆ ಎಂದು ಅವರು 1933ರಲ್ಲಿ ತೋರಿಸಿಕೊಟ್ಟರು. ಎರಡೇ ವರ್ಷದಲ್ಲಿ, 1935ರಲ್ಲಿ, ಅಮೆರಿಕದ ದಕ್ಷಿಣ ಕೆರೊಲಿನಾದ ಜಾನ್ಸನ್‌ವಿಲ್ ಬಳಿ ಸಿಮೆಂಟು ಬೆರೆಸಿದ ಮಣ್ಣಿನ ರಸ್ತೆ ಬಂತು. ರಸ್ತೆಯಿಂದ ಮನೆಗೆ ಬರಲು ತಡವಾಗಲಿಲ್ಲ. ದೇಶ ವಿಭಜನೆಯ ನಂತರ, 1948ರಲ್ಲಿ, ಕರ್ನಾಲ್‌ನಲ್ಲಿ ನಿರಾಶ್ರಿತರಿಗಾಗಿ ಶೇ. 2.5ರಷ್ಟು ಸಿಮೆಂಟು ಬೆರೆಸಿದ ಮಣ್ಣನ್ನು ಗುದ್ದಿ ಸಾವಿರಾರು ಮನೆಗಳನ್ನು ಕಟ್ಟಲಾಯಿತು. 1950ರ ದಶಕದಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ರಾವುಲ್ ರಾಮಿರೆಜ್ ಕೈಯಿಂದ ಒತ್ತುವ ‘ಸಿನ್ವಾ-ರಾಮ್’ ಯಂತ್ರವನ್ನು ರೂಪಿಸಿದರು. 1958ರಲ್ಲಿ ವಿಶ್ವಸಂಸ್ಥೆ ರಾಬರ್ಟ್ ಫಿಟ್ಜ್‌ಮೌರಿಸ್ ಬರೆದ ಸ್ಥಿರೀಕೃತ ಮಣ್ಣಿನ ಮನೆಗಳ ಕೈಪಿಡಿಯನ್ನು ಪ್ರಕಟಿಸಿತು.

ಕರ್ನಾಟಕದ ಪಾಲು ಇಲ್ಲಿ ದೊಡ್ಡದು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ, ವಿಜ್ಞಾನವನ್ನು ಹಳ್ಳಿಯ ಬದುಕಿಗೆ ಅಳವಡಿಸುವ ‘ಅಸ್ತ್ರ’ ಕೇಂದ್ರ ಹುಟ್ಟಿತು. ಅಲ್ಲಿ ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಅವರ ಸಹೋದ್ಯೋಗಿಗಳು ಬ್ಲಾಕು ಒತ್ತುವ ‘ಅಸ್ತ್ರಮ್’ ಯಂತ್ರದಿಂದ ಹಿಡಿದು ಮಣ್ಣಿನ ಆಯ್ಕೆ, ಗಾರೆ, ಗೋಡೆಯ ಬಲದವರೆಗೆ ದಶಕಗಳ ಕಾಲ ಪ್ರಯೋಗ ನಡೆಸಿದರು. ಬೆಂಗಳೂರಿನ ಕೆಮ್ಮಣ್ಣು ಜಗತ್ತಿನಲ್ಲಿ ಅತಿ ಹೆಚ್ಚು ಪರೀಕ್ಷೆಗೊಳಗಾದ ಕಟ್ಟಡ ಮಣ್ಣುಗಳಲ್ಲಿ ಒಂದಾದದ್ದು ಹೀಗೆ. ಅವರ ವರದಿಗಳಲ್ಲಿ ಬ್ಲಾಕಿನ ಬಲವೆಂದರೆ ಸಾಮಾನ್ಯವಾಗಿ ನೆನೆಸಿ ಅಳೆದ ಬಲ. ಈ ಶಿಸ್ತು ಎಲ್ಲ ಕಡೆಯೂ ಇದ್ದಿದ್ದರೆ ಈ ಕ್ಷೇತ್ರದ ಎಷ್ಟೋ ಗೊಂದಲಗಳು ಹುಟ್ಟುತ್ತಲೇ ಇರಲಿಲ್ಲ. ಒಂದು ಪ್ರಯೋಗಾಲಯ ಒಲೆಯಲ್ಲಿ ಒಣಗಿಸಿ ಅಳೆದು, ಇನ್ನೊಂದು ನೆನೆಸಿ ಅಳೆದು, ಎರಡೂ ‘ಬ್ಲಾಕಿನ ಬಲ’ ಎಂದೇ ಬರೆದರೆ ಹೋಲಿಕೆಗೆ ಅರ್ಥವೇ ಉಳಿಯುವುದಿಲ್ಲ.

ಒಣ ಮಣ್ಣು ಗಟ್ಟಿಯಾಗಿರುವುದು ಹೇಗೆ

ನೀರು ಬಲವನ್ನು ಕಳೆಯುವುದು ಹೇಗೆಂದು ತಿಳಿಯಲು ಒಣ ಮಣ್ಣಿನ ಗಟ್ಟಿತನ ಎಲ್ಲಿಂದ ಬಂತೆಂದು ನೋಡಬೇಕು. ಮಣ್ಣಿನಲ್ಲಿ ಮರಳು, ಹೂಳು, ಜೇಡಿ ಎಂಬ ಮೂರು ಗಾತ್ರದ ಕಣಗಳಿವೆ. ಮರಳಿನ ಕಣಕ್ಕೆ ಅಂಟಿಲ್ಲ. ಜೇಡಿಯ ಕಣಗಳು ಎರಡು ಮೈಕ್ರಾನ್‌ಗಿಂತ ಸಣ್ಣವು, ಹಾಳೆಯಂತೆ ಚಪ್ಪಟೆ, ಮೈಮೇಲೆ ವಿದ್ಯುದಾವೇಶ ಹೊತ್ತಿರುವಂಥವು. ಬರಿಗಣ್ಣಿಗೆ ಒಣಗಿದಂತೆ ಕಂಡ ಗೋಡೆಯಲ್ಲೂ ತೂಕದ ಶೇ. 1ರಿಂದ 3ರಷ್ಟು ನೀರು ಇದ್ದೇ ಇರುತ್ತದೆ. ಆ ನೀರು ಕಣ ಕಣಗಳ ಸಂದಿನಲ್ಲಿ ಸಣ್ಣ ಸೇತುವೆಗಳಂತೆ ನಿಂತಿರುತ್ತದೆ. ಸೇತುವೆಯ ಮೇಲ್ಮೈ ಒಳಬಾಗಿರುವುದರಿಂದ ಅದರೊಳಗಿನ ಒತ್ತಡ ಹೊರಗಿನ ಗಾಳಿಯದ್ದಕ್ಕಿಂತ ಕಡಿಮೆ. ಹಾಗಾಗಿ ಕಣಗಳು ಒಂದನ್ನೊಂದು ಎಳೆದುಕೊಳ್ಳುತ್ತವೆ. ಕಡಲ ದಂಡೆಯಲ್ಲಿ ಮಕ್ಕಳು ಕಟ್ಟುವ ಮರಳಿನ ಗುಡಿ ನಿಲ್ಲುವುದು ಈ ಎಳೆತದಿಂದಲೇ. ಇದನ್ನು ಹೀರುಸೆಳೆತ ಎನ್ನೋಣ.

ಹೀರುಸೆಳೆತ ಸುತ್ತಲಿನ ಗಾಳಿಯ ಆರ್ದ್ರತೆಗೆ ಕಟ್ಟುಬಿದ್ದಿದೆ. ಭೌತವಿಜ್ಞಾನದ ಕೆಲ್ವಿನ್ ಸಮೀಕರಣದ ಪ್ರಕಾರ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಾಪೇಕ್ಷ ಆರ್ದ್ರತೆ ಶೇ. 50 ಇದ್ದಾಗ ಅದು ಸುಮಾರು 94 ಮೆಗಾಪ್ಯಾಸ್ಕಲ್. ಆರ್ದ್ರತೆ ಶೇ. 90ಕ್ಕೆ ಏರಿದರೆ 14ಕ್ಕೆ ಇಳಿಯುತ್ತದೆ. ಶೇ. 99ರಲ್ಲಿ ಉಳಿಯುವುದು ಬರೀ 1.4. ಪೂರ್ತಿ ನೆನೆದರೆ ಸೊನ್ನೆ. ಒಂದು ಮೆಗಾಪ್ಯಾಸ್ಕಲ್ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 10 ಕಿಲೋ ಭಾರ. ಈ ಸೆಳೆತ ಕೆಲಸ ಮಾಡುವುದು ಬಹಳ ಕಿರಿದಾದ ಸಂದುಗಳಲ್ಲಿ ಮಾತ್ರ, ಆದ್ದರಿಂದ ಇಡೀ ಬ್ಲಾಕಿಗೆ ದಕ್ಕುವ ಬಲ ಕೆಲವೇ ಮೆಗಾಪ್ಯಾಸ್ಕಲ್. ಆದರೂ ಏರಿಳಿತದ ದಿಕ್ಕು ಸ್ಪಷ್ಟ. ಬೇಸಿಗೆಯ ಬಳ್ಳಾರಿಯಲ್ಲಿ ಕಲ್ಲಿನಂತಿರುವ ಹಸಿ ಇಟ್ಟಿಗೆ, ಆರ್ದ್ರತೆ ಶೇ. 90ರ ಹತ್ತಿರವಿರುವ ಮಳೆಗಾಲದ ಮಂಗಳೂರಿನಲ್ಲಿ, ಒಂದು ಹನಿ ಮಳೆಯೂ ತಾಗದಿದ್ದರೂ, ಅಷ್ಟೇ ಗಟ್ಟಿಯಾಗಿರುವುದಿಲ್ಲ.

ಇಂಗ್ಲೆಂಡಿನ ಡರ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಪಾಲ್ ಜಾಕ್ವಿನ್, ಚಾರ್ಲ್ಸ್ ಆಗಾರ್ಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನ, ಏನೂ ಬೆರೆಸದ ಗುದ್ದಿದ ಮಣ್ಣಿನ ಬಲಕ್ಕೆ ಹೀರುಸೆಳೆತವೇ ಮುಖ್ಯ ಮೂಲವೆಂದು ಪ್ರಯೋಗದಿಂದ ತೋರಿಸಿತು. ತೇವ ಕಡಿಮೆಯಾದಂತೆ ಬಲ ಹೆಚ್ಚಿತು, ಜೊತೆಗೆ ಮಣ್ಣು ಬಿರುಸಾಗಿ ಒಮ್ಮೆಗೇ ಒಡೆಯುವ ಸ್ವಭಾವಕ್ಕೆ ತಿರುಗಿತು. ಫ್ರಾನ್ಸಿನ ಮಣ್ಣುಗಳ ಮೇಲೆ ಬುಯಿ, ಮೊರೆಲ್ ಮೊದಲಾದವರು 2014ರಲ್ಲಿ ಹೊರತಂದ ಪ್ರಯೋಗಗಳು ಒಂದು ಸಮಾಧಾನದ ಸಂಗತಿಯನ್ನೂ ಹೇಳಿದವು: ಒಣ ಗೋಡೆಯ ತೇವ ತೂಕದ ಶೇ. 4ರವರೆಗೆ ಏರಿದರೂ ಬಲ ಏಕಾಏಕಿ ಕುಸಿಯುವುದಿಲ್ಲ. ಗಾಳಿಯ ಪಸೆಯಿಂದಷ್ಟೇ ಮಣ್ಣಿನ ಮನೆ ಬೀಳುವುದಿಲ್ಲ ಎನ್ನುವುದಕ್ಕೆ ಇದು ಆಧಾರ. ಕೇಡು ತರುವುದು ದ್ರವರೂಪದ ನೀರು.

ಬೆರೆಸಿದ ವಸ್ತು ಏನು ಮಾಡುತ್ತದೆ

ಸ್ಥಿರೀಕರಣದ ಗುರಿ, ಹೀರುಸೆಳೆತ ಕೈಬಿಟ್ಟ ಮೇಲೂ ಉಳಿಯುವ ಬೆಸುಗೆಯನ್ನು ಮಣ್ಣಿಗೆ ಕೊಡುವುದು. ಸಿಮೆಂಟು ನೀರಿನೊಡನೆ ಸೇರಿ ಕ್ಯಾಲ್ಸಿಯಂ ಸಿಲಿಕೇಟಿನ ಅಂಟಾಗಿ ಮರಳಿನ ಕಣಗಳನ್ನು ಬೆಸೆಯುತ್ತದೆ. ಈ ಕ್ರಿಯೆಯಲ್ಲಿ ಬಿಡುಗಡೆಯಾಗುವ ಸುಣ್ಣ ಜೇಡಿಯ ಜೊತೆ ನಿಧಾನವಾಗಿ ವರ್ತಿಸಿ ಇನ್ನಷ್ಟು ಅಂಟು ಹುಟ್ಟಿಸುತ್ತದೆ. ನೇರವಾಗಿ ಸುಣ್ಣವನ್ನೇ ಬೆರೆಸಿದಾಗ ನಡೆಯುವುದೂ ಈ ಎರಡನೆಯ ಕ್ರಿಯೆಯೇ. ಅದಕ್ಕೆ ವಾರಗಳಲ್ಲ, ತಿಂಗಳುಗಳು ಬೇಕು. ಬಿಟುಮೆನ್ನಿನ ದಾರಿ ಬೇರೆ: ಅದು ಬಲವನ್ನು ಹೆಚ್ಚಿಸುವುದು ಅಷ್ಟಕ್ಕಷ್ಟೆ, ರಂಧ್ರಗಳ ಗೋಡೆಗೆ ಜಿಡ್ಡು ಬಳಿದು ನೀರು ಒಳಬರದಂತೆ ತಡೆಯುತ್ತದೆ.

ಸಿಮೆಂಟು ಹಾಕಿದ ಮೇಲೂ ನೆನೆದಾಗ ಬಲ ಅರ್ಧಕ್ಕಿಳಿಯುವುದೇಕೆ? ಕಾಂಕ್ರೀಟು ಕೂಡ ಒದ್ದೆಯಾದಾಗ ಒಣಗಿದ್ದಾಗಿನಷ್ಟು ಬಲವಾಗಿರುವುದಿಲ್ಲ. ಆದರೆ ಅಲ್ಲಿ ನಷ್ಟ ಸಾಮಾನ್ಯವಾಗಿ ಐದರಲ್ಲಿ ಒಂದು ಪಾಲು ಮೀರದು. ಮಣ್ಣಿನ ಬ್ಲಾಕಿನಲ್ಲಿ ನಷ್ಟ ಹೆಚ್ಚಲು ಕಾರಣ ಜೇಡಿ. ಶೇ. 6 ಅಥವಾ 8ರಷ್ಟು ಸಿಮೆಂಟು ಮರಳಿನ ಕಣಗಳ ಸುತ್ತ ಜಾಲ ಹೆಣೆಯಬಲ್ಲುದೇ ಹೊರತು ಪ್ರತಿಯೊಂದು ಜೇಡಿಯ ಕಣವನ್ನೂ ಕಟ್ಟಿಹಾಕಲಾರದು. ಜಾಲದ ಕಣ್ಣುಗಳಲ್ಲಿ ಸಿಮೆಂಟು ಮುಟ್ಟದ ಜೇಡಿ ಸಿಕ್ಕಿಕೊಂಡಿರುತ್ತದೆ. ಒಣಗಿದ್ದಾಗ ಅದೂ ಹೊರೆ ಹೊರುತ್ತದೆ. ನೆನೆದಾಗ ಮೆತ್ತಗಾಗಿ ಹಿಂದೆ ಸರಿಯುತ್ತದೆ, ಮಾತ್ರವಲ್ಲ ಉಬ್ಬಿ ಜಾಲವನ್ನೇ ಒಳಗಿನಿಂದ ಒತ್ತುತ್ತದೆ. ಪುಡಿಯಾಗದೆ ಉಳಿದ ಜೇಡಿಯ ಹೆಂಟೆ ಬ್ಲಾಕಿನೊಳಗೆ ಸೇರಿಕೊಂಡರೆ ಅದರ ಸುತ್ತ ಬಿರುಕೇ ಬಿಡಬಹುದು. ಮಣ್ಣನ್ನು ಸುಮಾರು 5 ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ಸೋಸುವ ಕೆಲಸ ಬೇಸರದ್ದು. ಬೇಗ ಮುಗಿಸಬೇಕೆಂದು ಅದನ್ನು ಬಿಟ್ಟವರಿಗೆ ಉತ್ತರ ಸಿಗುವುದು ಮೊದಲ ಮಳೆಗಾಲದಲ್ಲಿ.

ಜೇಡಿ ಎಷ್ಟಿರಬೇಕು ಎಂಬ ಪ್ರಶ್ನೆಗೆ ಬೆಂಗಳೂರಿನ ಪ್ರಯೋಗಗಳು ಕೊಟ್ಟ ಉತ್ತರ, ಸಿಮೆಂಟು ಬೆರೆಸುವ ಮಣ್ಣಿನಲ್ಲಿ ಸ್ಥೂಲವಾಗಿ ಶೇ. 10ರಿಂದ 16. ಅದಕ್ಕಿಂತ ಕಡಿಮೆಯಾದರೆ ಅಚ್ಚಿನಿಂದ ತೆಗೆದ ಹಸಿ ಬ್ಲಾಕು ಕೈಯಲ್ಲೇ ಮುರಿಯುತ್ತದೆ, ಹೆಚ್ಚಾದರೆ ಒದ್ದೆ ಬಲ ಇಳಿಯುತ್ತದೆ. ಅಗೆದ ಕೆಮ್ಮಣ್ಣಿನಲ್ಲಿ ಜೇಡಿ ಇದಕ್ಕಿಂತ ಹೆಚ್ಚಿರುವುದು ಸಾಮಾನ್ಯ. ಮರಳನ್ನೋ ಕ್ರಷರ್ ಪುಡಿಯನ್ನೋ ಸೇರಿಸುವುದು ಅದನ್ನು ತಗ್ಗಿಸಲು. ಸಿಮೆಂಟನ್ನು ಸುಮ್ಮನೆ ಏರಿಸುವುದಕ್ಕಿಂತ ಮರಳು ಸೇರಿಸಿ ಮಣ್ಣನ್ನು ಸರಿಮಾಡುವುದು ಅಗ್ಗವೂ ಹೌದು, ಫಲಕಾರಿಯೂ ಹೌದು. ಆಸ್ಟ್ರೇಲಿಯಾದಲ್ಲಿ ಪೀಟರ್ ವಾಕರ್ 1995ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ ಮಾತನ್ನು ಪ್ಲಾಸ್ಟಿಸಿಟಿ ಸೂಚ್ಯಂಕದ ಮೂಲಕ ಹೇಳುತ್ತದೆ. ಮಣ್ಣು ನಾದಲು ಬರುವ ಸ್ಥಿತಿ ಎಷ್ಟು ತೇವದಿಂದ ಎಷ್ಟು ತೇವದವರೆಗೆ ಇರುತ್ತದೆ ಎಂಬುದರ ಅಳತೆ ಇದು. ಸೂಚ್ಯಂಕ 5ರಿಂದ 15ರ ನಡುವಿನ ಮಣ್ಣು ಸಿಮೆಂಟಿಗೆ ಒಳ್ಳೆಯದು. 20–25 ದಾಟಿದ ಮಣ್ಣು ಕೈಯಂತ್ರದ ಬ್ಲಾಕಿಗೆ ಒಗ್ಗುವುದಿಲ್ಲ.

ಜೇಡಿಯ ಜಾತಿಯೂ ಅಷ್ಟೇ ಮುಖ್ಯ. ಹಳೆ ಮೈಸೂರಿನ ಕೆಮ್ಮಣ್ಣಿನಲ್ಲಿ ಹೆಚ್ಚಾಗಿರುವುದು ಕೇಓಲಿನೈಟ್. ಅದರ ಒಂದು ಗ್ರಾಮಿನ ಮೈವಿಸ್ತಾರ 10–20 ಚದರ ಮೀಟರ್. ಉತ್ತರ ಕರ್ನಾಟಕದ ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್‌ನದು 800 ಚದರ ಮೀಟರಿನವರೆಗೆ ಹೋಗುತ್ತದೆ. ಅಷ್ಟು ಮೈಗೆ ಅಂಟಿಕೊಳ್ಳುವ ನೀರೂ ಅಪಾರ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಅಗಲ ಬಿರಿದು ಮಳೆಗೆ ಮತ್ತೆ ಉಬ್ಬಿ ಮುಚ್ಚಿಕೊಳ್ಳುವ ಹೊಲವನ್ನು ಕಂಡವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಎರೆಮಣ್ಣಿಗೆ ಸಿಮೆಂಟು ಮಾತ್ರ ಸಾಲದು, ಮೊದಲು ಸುಣ್ಣ ಬೇಕು. ಸುಣ್ಣದ ಕ್ಯಾಲ್ಸಿಯಂ ಜೇಡಿಯ ಹಾಳೆಗಳನ್ನು ಗುಂಪುಗೂಡಿಸಿ ಉಬ್ಬುವಿಕೆಯನ್ನು ತಗ್ಗಿಸುತ್ತದೆ. ಬಯಲುಸೀಮೆಯ ಮಾಳಿಗೆ ಮನೆಗಳ ಮೇಲೆ ಚೌಳು ಮಣ್ಣು ಹಾಸುವ ಹಳೆಯ ರೂಢಿಯ ಹಿಂದೆ ಇದೇ ರಸಾಯನ ತಿರುಗುಮುರುಗಾಗಿ ದುಡಿಯುತ್ತದೆ. ಚೌಳಿನ ಸೋಡಿಯಂ ಜೇಡಿಯ ಹಾಳೆಗಳನ್ನು ಬಿಡಿಬಿಡಿಯಾಗಿಸುತ್ತದೆ, ಅವು ರಂಧ್ರಗಳಲ್ಲಿ ತುಂಬಿಕೊಂಡು ನೀರಿಳಿಯದಂತೆ ಬಾಗಿಲು ಹಾಕುತ್ತವೆ. ಗೋಡೆಗೆ ಬೇಡವಾದ ಮಣ್ಣು ಸೂರಿನ ಮೇಲೆ ಕಾವಲುಗಾರನಾಗುವ ಈ ತಿಳಿವು ಯಾವ ಪ್ರಯೋಗಾಲಯದಿಂದಲೂ ಬಂದದ್ದಲ್ಲ.

ಒದ್ದೆ ಬಲವನ್ನು ಒಣ ಬಲದಿಂದ ಭಾಗಿಸಿದರೆ ಬರುವ ಅನುಪಾತ ಈ ಇಡೀ ಕಥೆಯನ್ನು ಒಂದೇ ಸಂಖ್ಯೆಯಲ್ಲಿ ಹೇಳುತ್ತದೆ. ಸಿಮೆಂಟು ಹೆಚ್ಚಿದಂತೆ ಅದು ಏರುತ್ತದೆ, ಜೇಡಿ ಹೆಚ್ಚಿದಂತೆ ಇಳಿಯುತ್ತದೆ. ಆಸ್ಟ್ರೇಲಿಯಾದ ಹೀತ್‌ಕೋಟ್ 1995ರಲ್ಲಿ ಇದನ್ನೇ ಬಾಳಿಕೆಯ ಅಳತೆಗೋಲಾಗಿ ಸೂಚಿಸಿದರು: ಮಳೆಯ ಹೊಡೆತ ಎಷ್ಟು ತೀವ್ರ ಎಂಬುದನ್ನು ನೋಡಿಕೊಂಡು ಅನುಪಾತ ಮೂರನೇ ಒಂದರಿಂದ ಅರ್ಧದವರೆಗೆ ಇರಬೇಕು. ಎರಡು ಬ್ಲಾಕುಗಳ ಒಣ ಬಲ ಒಂದೇ ಇರಬಹುದು. ಒಂದರಲ್ಲಿ ಜೇಡಿ ಹೆಚ್ಚು, ಸಿಮೆಂಟು ಕಡಿಮೆ. ಇನ್ನೊಂದರಲ್ಲಿ ಸಿಮೆಂಟು ಸರಿಯಾಗಿದೆ. ಒಣಗಿಸಿ ಒಡೆದರೆ ಇವುಗಳ ಭೇದ ಕಾಣುವುದೇ ಇಲ್ಲ. ರಾತ್ರಿಯಿಡೀ ನೀರಿನಲ್ಲಿಟ್ಟು ಒಡೆದರೆ ತಕ್ಷಣ ಕಾಣುತ್ತದೆ.

ಒತ್ತುವ ಮುನ್ನ: ಹದದ ನೀರು

ಬ್ಲಾಕು ಮಾಡುವಾಗ ಮಣ್ಣಿಗೆ ಸೇರಿಸುವ ನೀರು ಕಣಗಳು ಜಾರಿ ಹತ್ತಿರ ಬರಲು ಸಹಾಯ ಮಾಡುತ್ತದೆ. ಕಡಿಮೆಯಾದರೆ ಕಣಗಳು ಒಂದಕ್ಕೊಂದು ಉಜ್ಜಿ ಅಡ್ಡ ನಿಲ್ಲುತ್ತವೆ, ಬ್ಲಾಕಿನ ಅಂಚು ಪುಡಿಪುಡಿಯಾಗಿ ಉದುರುತ್ತದೆ. ಹೆಚ್ಚಾದರೆ ನೀರೇ ಜಾಗ ಹಿಡಿಯುತ್ತದೆ. ನೀರನ್ನು ಎಷ್ಟು ಒತ್ತಿದರೂ ಕುಗ್ಗದು. ಬ್ಲಾಕು ಅಚ್ಚಿಗೆ ಅಂಟಿ, ಎತ್ತುವಾಗ ಸೊಟ್ಟಗಾಗಿ, ಒಣಗಿದ ಮೇಲೆ ಆ ನೀರಿದ್ದ ಜಾಗವೆಲ್ಲ ರಂಧ್ರವಾಗಿ ಉಳಿಯುತ್ತದೆ. ಆ ರಂಧ್ರಗಳೇ ಮುಂದೆ ಮಳೆನೀರಿನ ದಾರಿ. ಕೆಮ್ಮಣ್ಣು-ಮರಳಿನ ಮಿಶ್ರಣಕ್ಕೆ ಹದದ ನೀರು ಸಾಮಾನ್ಯವಾಗಿ ತೂಕದ ಶೇ. 10–12ರ ಆಸುಪಾಸು. ಒತ್ತಿ ಒಣಗಿದ ಬ್ಲಾಕಿನ ಸಾಂದ್ರತೆ ಘನ ಸೆಂಟಿಮೀಟರಿಗೆ 1.8 ಗ್ರಾಮಿನ ಹತ್ತಿರ ಬರಬೇಕು. ಸಿಮೆಂಟಿನ ಪ್ರಮಾಣ ಬದಲಾಗದಿದ್ದರೂ ಸಾಂದ್ರತೆ ಸ್ವಲ್ಪ ಏರಿದರೆ ಬಲ ಅದಕ್ಕಿಂತ ಎಷ್ಟೋ ಹೆಚ್ಚು ಏರುತ್ತದೆ ಎಂಬುದು ಬೆಂಗಳೂರಿನ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ.

ಕೆಲಸದ ಜಾಗದಲ್ಲಿ ಹದ ನೋಡುವುದು ಅಂಗೈಯಲ್ಲಿ. ಕಲಸಿದ ಮಣ್ಣನ್ನು ಹಿಡಿಯಲ್ಲಿ ಅಮುಕಿ ಉಂಡೆ ಮಾಡಬೇಕು. ಉಂಡೆ ನಿಲ್ಲದಿದ್ದರೆ ನೀರು ಸಾಲದು, ಬೆರಳಿಗೆ ಕೆಸರು ಮೆತ್ತಿದರೆ ಹೆಚ್ಚು. ನಿಂತ ಉಂಡೆಯನ್ನು ಎದೆಯೆತ್ತರದಿಂದ ಗಟ್ಟಿ ನೆಲಕ್ಕೆ ಬಿಟ್ಟಾಗ ಕೆಲವು ಚೂರಾಗಿ ಒಡೆದರೆ ಹದ ಸರಿ. ಪೂರ್ತಿ ಪುಡಿಯಾದರೆ ಒಣ, ಚಪ್ಪಟೆಯಾಗಿ ಕೂತರೆ ಹಸಿ. ಬೆಳಗಿನ ಹದ ಮಧ್ಯಾಹ್ನಕ್ಕೆ ಇರುವುದಿಲ್ಲ. ಬಿಸಿಲು ಗುಡ್ಡೆಯ ಮೇಲ್ಪದರವನ್ನು ಒಣಗಿಸುತ್ತದೆ, ಜೊತೆಗೆ ಸಿಮೆಂಟು ತನ್ನ ಪಾಡಿಗೆ ಕಟ್ಟಿಕೊಳ್ಳತೊಡಗಿರುತ್ತದೆ. ಹಾಗಾಗಿ ಮಣ್ಣು, ಮರಳು, ಸಿಮೆಂಟನ್ನು ಒಣಗಿದ್ದಾಗಲೇ ಬಣ್ಣ ಒಂದಾಗುವ ತನಕ ಬೆರೆಸಿ, ಆಮೇಲೆ ನೀರು ಚಿಮುಕಿಸಿ, ಗಂಟೆಯೊಳಗೆ ಒತ್ತಿ ಮುಗಿಸುವಷ್ಟನ್ನೇ ಕಲಸಬೇಕು. ಸಂಜೆ ಉಳಿದ ಮಿಶ್ರಣಕ್ಕೆ ಮತ್ತೆ ನೀರು ಹಾಕಿ ಒತ್ತಿದ ಬ್ಲಾಕು ನೋಡಲು ಉಳಿದವುಗಳಂತೆಯೇ ಇರುತ್ತದೆ, ನೆನೆಸಿದಾಗ ಮಾತ್ರ ಅದರ ಕೊರತೆ ಬಯಲಾಗುತ್ತದೆ.

ಒತ್ತಿದ ಮೇಲೆ: ನೀರುಣಿಸುವುದು

ಒತ್ತಿದ ಬ್ಲಾಕಿನಲ್ಲಿರುವ ನೀರು ಸಿಮೆಂಟಿನ ಆಹಾರ. ಅದು ಆರಿಹೋದರೆ ಸಿಮೆಂಟಿನ ಕ್ರಿಯೆ ಅಲ್ಲಿಗೇ ನಿಲ್ಲುತ್ತದೆ. ಬಿಸಿಲಿನಲ್ಲಿ ಬಿಟ್ಟ ಬ್ಲಾಕು ಎರಡೇ ದಿನದಲ್ಲಿ ಗಟ್ಟಿಯಾದಂತೆ ಕಾಣುತ್ತದೆ. ಆ ಗಟ್ಟಿತನ ಮೇಲೆ ಹೇಳಿದ ಹೀರುಸೆಳೆತದ್ದು, ಸಿಮೆಂಟಿನದ್ದಲ್ಲ. ಈ ಮೋಸಕ್ಕೆ ಅನುಭವಸ್ಥರೂ ಸಿಕ್ಕಿಬೀಳುತ್ತಾರೆ. ಸಿಮೆಂಟಿನ ಬ್ಲಾಕನ್ನು ನೆರಳಿನಲ್ಲಿ ಒಟ್ಟಿ, ಹುಲ್ಲು ಅಥವಾ ಗೋಣಿತಾಟು ಹೊದಿಸಿ, ಮೂರು ವಾರ ನೀರು ಚಿಮುಕಿಸುತ್ತಿರಬೇಕು. ಬಲವನ್ನು ಅಳೆಯುವುದು 28ನೆಯ ದಿನ. ಸುಣ್ಣದ ಬ್ಲಾಕಿಗೆ ಇನ್ನೂ ಉದ್ದದ ಅವಧಿ ಬೇಕು, ತೇವದ ಜೊತೆಗೆ ಬೆಚ್ಚಗಿನ ವಾತಾವರಣವೂ ಬೇಕು. ನಮ್ಮ ಹವೆ ಅದಕ್ಕೆ ಹೇಳಿ ಮಾಡಿಸಿದಂತಿದೆ. ತಣ್ಣನೆಯ ದೇಶಗಳಲ್ಲಿ ತಿಂಗಳುಗಟ್ಟಲೆ ನಿಧಾನವಾಗಿ ನಡೆಯುವ ಸುಣ್ಣ-ಜೇಡಿಯ ಕ್ರಿಯೆ ಇಲ್ಲಿ ಬೇಗ ನಡೆಯುತ್ತದೆ. ಹೀಗಿದ್ದೂ ಸುಣ್ಣದ ಬ್ಲಾಕು ನಮ್ಮಲ್ಲಿ ಹಿಂದೆಯೇ ಉಳಿದದ್ದು ವಿಷಾದದ ಸಂಗತಿ. ಕಾಯುವ ತಾಳ್ಮೆ ಗುತ್ತಿಗೆಯ ಕೆಲಸದಲ್ಲಿ ಸಿಗುವುದಿಲ್ಲ.

ಕಟ್ಟುವ ಹೊತ್ತಿನಲ್ಲಿ ಬ್ಲಾಕಿನಲ್ಲಿ ಎಷ್ಟು ತೇವವಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಬಣಗುಟ್ಟುವ ಬ್ಲಾಕು ಗಾರೆಯ ನೀರನ್ನೆಲ್ಲ ಹೀರಿ ಅದನ್ನು ಪೊಳ್ಳಾಗಿಸುತ್ತದೆ. ಪೂರ್ತಿ ನೆನೆದದ್ದು ಹೀರುವುದೇ ಇಲ್ಲ, ಗಾರೆ ಅದಕ್ಕೆ ಕಚ್ಚಿಕೊಳ್ಳುವುದಿಲ್ಲ. ಎರಡರ ನಡುವಿನ ಸ್ಥಿತಿಯಲ್ಲಿ ಬೆಸುಗೆ ಚೆನ್ನಾಗಿ ಬರುತ್ತದೆ. ಇಡುವ ಮುನ್ನ ಬ್ಲಾಕನ್ನು ನೀರಿನಲ್ಲಿ ಅದ್ದಿ ತೆಗೆಯುವ ಗಾರೆಯವರ ರೂಢಿಗೆ ಅರ್ಥವಿದೆ.

ಗೋಡೆಯಾದ ಮೇಲೆ

305 × 143 × 100 ಮಿಲಿಮೀಟರ್ ಅಳತೆಯ ಬ್ಲಾಕು ಒಣಗಿದಾಗ ಸುಮಾರು 7.8 ಕಿಲೋ ತೂಗುತ್ತದೆ. ಅದು ಶೇ. 12ರಷ್ಟು ನೀರು ಹೀರಿದರೆ ಒಳಗೆ ಸೇರಿಕೊಂಡದ್ದು ಹೆಚ್ಚುಕಡಿಮೆ ಒಂದು ಲೀಟರ್. ಇಂಥ ಸಾವಿರಾರು ಬ್ಲಾಕುಗಳಿರುವ ಗೋಡೆ ಸಾವಿರಾರು ಲೀಟರ್ ನೀರನ್ನು ಹಿಡಿದಿಡಬಲ್ಲುದು. ಹಾಗೆಂದು ಗೋಡೆ ಕುಸಿಯುತ್ತದೆ ಎಂದಲ್ಲ. ಮೂರು ಮೀಟರ್ ಎತ್ತರದ ಮಣ್ಣಿನ ಗೋಡೆಯ ಬುಡದಲ್ಲಿ ಸ್ವಂತ ತೂಕದಿಂದ ಬೀಳುವ ಒತ್ತಡ ಸುಮಾರು 0.06 ಮೆಗಾಪ್ಯಾಸ್ಕಲ್. ಎರಡು ಅಂತಸ್ತಿನ ಸಾಧಾರಣ ಮನೆಯ ಸೂರು, ನೆಲ, ಜನ, ಸಾಮಾನು ಎಲ್ಲ ಸೇರಿಸಿದರೂ 0.3ರ ಹತ್ತಿರ ನಿಲ್ಲುತ್ತದೆ. ನೆನೆದ ಸ್ಥಿತಿಯಲ್ಲಿ 3 ಮೆಗಾಪ್ಯಾಸ್ಕಲ್ ತಾಳುವ ಬ್ಲಾಕಿಗೆ ಇದು ದೊಡ್ಡ ಹೊರೆಯಲ್ಲ. ಗಾರೆಯ ದೌರ್ಬಲ್ಯ, ಗೋಡೆಯ ಎತ್ತರ, ಓರೆಯಾಗಿ ಬೀಳುವ ಭಾರಗಳನ್ನು ಲೆಕ್ಕಕ್ಕೆ ಹಿಡಿದರೂ ಅಂತರ ಉಳಿಯುತ್ತದೆ. ಹಾನಿ ಶುರುವಾಗುವುದು ಕೆಲವೇ ಜಾಗಗಳಲ್ಲಿ: ನೆಲದಿಂದ ಪಸೆ ಏರುವ ಬುಡ, ತೊಲೆ ಕೂತ ಜಾಗ, ಕಿಟಕಿಯ ಕೆಳಗಿನ ಮೂಲೆ, ಬಚ್ಚಲಿನ ಹಿಂದಿನ ಗೋಡೆ, ಕೊಳವೆ ಸೋರುವ ಸಂದು.

ಬುಡದಲ್ಲಿ ನಡೆಯುವುದು ಬರೀ ನೆನೆಯುವಿಕೆಯಲ್ಲ. ನೆಲದ ನೀರು ತನ್ನೊಡನೆ ಉಪ್ಪನ್ನೂ ಹೊತ್ತು ಮೇಲೇರುತ್ತದೆ. ಗೋಡೆಯ ಮೈಯಿಂದ ನೀರು ಆರಿದಾಗ ಉಪ್ಪು ಹರಳುಗಟ್ಟಿ ರಂಧ್ರಗಳನ್ನು ಒಳಗಿನಿಂದ ಬಿರಿಸುತ್ತದೆ. ನೆಲದಿಂದ ಮೊಣಕಾಲೆತ್ತರದಲ್ಲಿ ಬಿಳಿಯಾಗಿ ಚೌಳು ಎದ್ದು, ಮಣ್ಣು ಹೊಟ್ಟು ಹೊಟ್ಟಾಗಿ ಉದುರುವುದು ಈ ಕಾರಣದಿಂದ. ಗೋಡೆ ಆರಲು ಎಲ್ಲಿ ಜಾಗವಿದೆ ಎಂಬ ಪ್ರಶ್ನೆ ಇಲ್ಲಿ ಬಹಳ ದೊಡ್ಡದು. ಅಮೆರಿಕದ ನ್ಯೂ ಮೆಕ್ಸಿಕೋದ ರಾಂಚೋಸ್ ದ ತಾವೋಸ್‌ನಲ್ಲಿರುವ ಸ್ಯಾನ್ ಫ್ರಾನ್ಸಿಸ್ಕೋ ದ ಅಸೀಸ್ ಚರ್ಚು ಹಸಿ ಇಟ್ಟಿಗೆಯ ಕಟ್ಟಡ. ಅದರ ಮಣ್ಣಿನ ಗಿಲಾವನ್ನು 1967ರಲ್ಲಿ ತೆಗೆದು ಸಿಮೆಂಟಿನ ಗಿಲಾವು ಹಾಕಿದರು. ಸಿಮೆಂಟಿನ ಬಿರುಕುಗಳಿಂದ ಒಳಹೊಕ್ಕ ನೀರು ಹೊರಹೋಗಲು ದಾರಿಯಿಲ್ಲದೆ ಇಟ್ಟಿಗೆಗಳು ಒಳಗೇ ಮೆತ್ತಗಾದವು. ಹನ್ನೆರಡು ವರ್ಷವಾಗುವಷ್ಟರಲ್ಲಿ ಆ ಊರಿನ ಜನ ಸಿಮೆಂಟನ್ನು ಕಿತ್ತು ಮತ್ತೆ ಮಣ್ಣನ್ನೇ ಮೆತ್ತಿದರು. ಸ್ಥಿರೀಕೃತ ಬ್ಲಾಕು ಅಷ್ಟು ಮೆದುವಲ್ಲ, ಆದರೆ ಪಾಠ ಅದಕ್ಕೂ ಅನ್ವಯಿಸುತ್ತದೆ. ಹೊರಗೆ ಗಟ್ಟಿ ಸಿಮೆಂಟಿನ ಗಿಲಾವು, ಒಳಗೆ ಎನಾಮಲ್ ಬಣ್ಣ ಬಳಿದ ಮಣ್ಣಿನ ಗೋಡೆ ಒಮ್ಮೆ ನೆನೆದರೆ ತಿಂಗಳುಗಟ್ಟಲೆ ಒದ್ದೆ ಬಲದಲ್ಲೇ ಉಳಿಯುತ್ತದೆ. ಸುಣ್ಣದ ಗಿಲಾವು ಉಸಿರಾಡುತ್ತದೆ.

ಮಳೆಯ ಪೆಟ್ಟು ಬೇರೆ ಬಗೆಯದು. ಮೇಲಿಂದ ಸುರಿಯುವ ಮಳೆಗಿಂತ ಗಾಳಿಗೆ ಓರೆಯಾಗಿ ಬಡಿಯುವ ಎರಚಲು, ಅಂಗಳಕ್ಕೆ ಬಿದ್ದು ಚಿಮ್ಮುವ ಹನಿ ಹೆಚ್ಚು ಕೆಡುಕು ಮಾಡುತ್ತವೆ. ಮಲೆನಾಡು, ಕರಾವಳಿಗಳಲ್ಲಿ ಉದ್ದನೆಯ ಸೂರು ಇಳಿಬಿಡುವುದು, ಜಗಲಿಯನ್ನು ಎತ್ತರಿಸುವುದು, ಮಳೆಗಾಲಕ್ಕೆ ಮುಂಚೆ ಅಡಕೆ ಸೋಗೆಯದೋ ತೆಂಗಿನ ಮಡಲಿನದೋ ತಟ್ಟಿ ಕಟ್ಟಿ ಗೋಡೆಗೆ ಮರೆಮಾಡುವುದು ಇದನ್ನು ಅರಿತವರ ಉಪಾಯಗಳು. ಸಿಮೆಂಟು ಬೆರೆಸಿದ್ದೇವೆಂದು ಸೂರನ್ನು ಮೊಟಕುಗೊಳಿಸುವುದು, ಬ್ಲಾಕನ್ನು ನೆಲಮಟ್ಟದಿಂದಲೇ ಆರಂಭಿಸುವುದು ಇತ್ತೀಚೆಗೆ ಕಾಣುವ ತಪ್ಪುಗಳು. ಕಲ್ಲಿನ ಪಾಯವನ್ನು ನೆಲದಿಂದ ಒಂದೂವರೆ ಅಡಿ ಮೇಲೆತ್ತಿ, ತೇವ ತಡೆಯುವ ಪದರ ಹಾಕಿ, ಅದರ ಮೇಲೆ ಮಣ್ಣನ್ನು ಇಡುವುದಕ್ಕೆ ಬದಲಿ ಇಲ್ಲ.

ಸಿಮೆಂಟಿನ ಬಳಕೆಗೆ ಆಕ್ಷೇಪಗಳೂ ಇವೆ. ಜರ್ಮನಿಯ ಗೆರ್ನೋಟ್ ಮಿಂಕೆಯಂಥ ವಾಸ್ತುಶಿಲ್ಪಿಗಳು, ಕೋಣೆಯ ಗಾಳಿಯ ಪಸೆಯನ್ನು ಹೀರಿ ಮತ್ತೆ ಬಿಡುವ ಮಣ್ಣಿನ ಗುಣ ಸಿಮೆಂಟಿನಿಂದ ಕುಗ್ಗುತ್ತದೆ, ಮಣ್ಣನ್ನು ಮತ್ತೆ ಕಲಸಿ ಬಳಸುವ ಅವಕಾಶ ಕಳೆದುಹೋಗುತ್ತದೆ ಎನ್ನುತ್ತಾರೆ. ಮಾತು ನಿಜ. ಮಳೆ ಕಡಿಮೆ ಬೀಳುವ ಕಡೆ, ಒಂದೇ ಅಂತಸ್ತಿನ, ಸೂರು ಚೆನ್ನಾಗಿರುವ ಮನೆಗೆ ಬರೀ ಮಣ್ಣು ಸಾಕು. ಎರಡು–ಮೂರು ಅಂತಸ್ತು, ತೆಳು ಗೋಡೆ, ವರ್ಷವರ್ಷ ಸಾರಿಸಲು ಬಿಡುವಿಲ್ಲದ ಮನೆಮಂದಿ ಇರುವ ನಗರದಲ್ಲಿ ಒದ್ದೆ ಬಲ ಬೇಕೇ ಬೇಕು. ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ 2003ರಲ್ಲಿ ಕೊಟ್ಟ ಲೆಕ್ಕದಂತೆ, ಸಿಮೆಂಟು ಬೆರೆಸಿದ ಮೇಲೂ ಮಣ್ಣಿನ ಬ್ಲಾಕಿಗೆ ತಗಲುವ ಶಕ್ತಿ ಸುಟ್ಟ ಇಟ್ಟಿಗೆಯದ್ದರ ಕಾಲುಭಾಗದಷ್ಟು.

ಪರೀಕ್ಷೆಗಳು

ಭಾರತದಲ್ಲಿ ಮಣ್ಣಿನ ಬ್ಲಾಕಿಗೆ ಐಎಸ್ 1725 ಮಾನಕವಿದೆ. 1982ರ ಆವೃತ್ತಿ ಚದರ ಸೆಂಟಿಮೀಟರಿಗೆ 20 ಮತ್ತು 30 ಕಿಲೋ ಬಲದ ಎರಡು ದರ್ಜೆಗಳನ್ನು ಇಟ್ಟು, ನೀರು ಹೀರುವಿಕೆ ತೂಕದ ಶೇ. 15 ಮೀರಬಾರದು, ಹವೆಯ ಪರೀಕ್ಷೆಯಲ್ಲಿ ಸವೆತ ಶೇ. 5 ದಾಟಬಾರದು ಎಂದು ಹೇಳಿತು. 2013ರಲ್ಲಿ ಅದು ಪರಿಷ್ಕೃತವಾಯಿತು. ಅಮೆರಿಕದ ಎಎಸ್‌ಟಿಎಂ ಡಿ 559 ಪರೀಕ್ಷೆಯಲ್ಲಿ ಮಾದರಿಯನ್ನು 5 ಗಂಟೆ ನೆನೆಸಿ, 71 ಡಿಗ್ರಿ ಸೆಲ್ಸಿಯಸ್‌ನಲ್ಲಿ 42 ಗಂಟೆ ಒಣಗಿಸಿ, ತಂತಿ ಬ್ರಷ್ಷಿನಿಂದ ಉಜ್ಜುತ್ತಾರೆ. ಇಂಥ 12 ಸುತ್ತು. ಮೂಲತಃ ರಸ್ತೆಗಾಗಿ ರೂಪಿಸಿದ ಈ ಪರೀಕ್ಷೆ ಮನೆಯ ಗೋಡೆಗೆ ಬಹಳ ಕಠಿಣ. ಆಸ್ಟ್ರೇಲಿಯಾದವರು 470 ಮಿಲಿಮೀಟರ್ ದೂರದಿಂದ 50 ಕಿಲೋಪ್ಯಾಸ್ಕಲ್ ಒತ್ತಡದ ನೀರನ್ನು ಒಂದು ಗಂಟೆ ಎರಚಿ ಗುಳಿಯ ಆಳ ಅಳೆಯುತ್ತಾರೆ. ಇನ್ನೂ ಸರಳವಾದದ್ದು ಜೀಲಾಂಗ್ ಪರೀಕ್ಷೆ: 100 ಮಿಲಿಲೀಟರ್ ನೀರನ್ನು 400 ಮಿಲಿಮೀಟರ್ ಎತ್ತರದಿಂದ ತೊಟ್ಟು ತೊಟ್ಟಾಗಿ ಬೀಳಿಸಿ ಹೊಂಡ ನೋಡುವುದು.

ಇಂಥ ಅವಸರದ ಪರೀಕ್ಷೆಗಳಿಗಿಂತ ಕಾಲ ಹೇಳುವ ಉತ್ತರ ಹೆಚ್ಚು ನಂಬುವಂಥದ್ದು. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ 1985ರಲ್ಲಿ ಎಬ್ಬಿಸಿ ಗಾಳಿಮಳೆಗೆ ತೆರೆದಿಟ್ಟ 40 ಸೆಂಟಿಮೀಟರ್ ದಪ್ಪದ ಗೋಡೆಗಳನ್ನು ಇಪ್ಪತ್ತು ವರ್ಷದ ನಂತರ ಅಳೆದು ನೋಡಿದರು. ಶೇ. 5ರಷ್ಟು ನೀರ್ಸುಣ್ಣ (ನೀರಿನಲ್ಲೂ ಗಟ್ಟಿಯಾಗುವ ಸುಣ್ಣ) ಬೆರೆಸಿದ ಗೋಡೆ ಸರಾಸರಿ 2 ಮಿಲಿಮೀಟರ್ ಸವೆದಿತ್ತು. ಏನೂ ಬೆರೆಸದ್ದು 6.4 ಮಿಲಿಮೀಟರ್. ಎರಡೂ ನಿಂತಿದ್ದವು.

ಮನೆ ಕಟ್ಟಿಸುವವರು ಇಷ್ಟಕ್ಕೆಲ್ಲ ಕಾಯಬೇಕಿಲ್ಲ. 28 ದಿನ ಕಳೆದ ಬ್ಲಾಕುಗಳ ರಾಶಿಯಿಂದ ಅಲ್ಲೊಂದು ಇಲ್ಲೊಂದು ಆರಿಸಿ, ಒಣಗಿಸಿ ತೂಗಿ, ಒಂದು ಹಗಲು ಒಂದು ರಾತ್ರಿ ಬಾನಿಯಲ್ಲಿ ಮುಳುಗಿಸಿಡಬೇಕು. ಎತ್ತಿ ಮತ್ತೆ ತೂಗಿದರೆ ಎಷ್ಟು ಕುಡಿದಿದೆ ಎಂಬುದು ತಿಳಿಯುತ್ತದೆ. ಬಾನಿಯ ತಳದಲ್ಲಿ ಕೂತ ಕೆಸರು, ಅಂಚುಗಳ ಚೂಪು, ಮೊಳೆಯಿಂದ ಗೀರಿದಾಗ ಬೀಳುವ ಗೆರೆಯ ಆಳ ಉಳಿದದ್ದನ್ನು ಹೇಳುತ್ತವೆ. ಒಂದನ್ನು ಎರಡು ಬ್ಲಾಕುಗಳ ನಡುವೆ ಸೇತುವೆಯಂತಿಟ್ಟು, ಒದ್ದೆಯಾಗಿರುವಾಗಲೇ ಅದರ ಮೇಲೆ ಹತ್ತಿ ನಿಲ್ಲಬೇಕು.